ಗೃಹಚಿಂತನೆ: ಹೀರಿದ ಧೂಳು ಎಲ್ಲಿಗೆ ಹೋಯಿತು?

ಹಂಪೆಯನ್ನು ಹೊರಗೆ ನೋಡಬೇಕು, ಉಜ್ಜಿನಿಯನ್ನು ಒಳಗೆ ನೋಡಬೇಕು ಎಂಬುದೊಂದು ಮಾತು ಬಳ್ಳಾರಿ ಸೀಮೆಯಲ್ಲಿ ಬಹುಕಾಲದಿಂದ ರೂಢಿಯಲ್ಲಿರುವುದು. ಹಂಪೆಯ ವೈಭವವು ಬಯಲಿನಲ್ಲಿಯೇ ಹರಡಿಕೊಂಡಿದೆ. ಉಜ್ಜಿನಿಯ ಶ್ರೀ ಮರುಳಸಿದ್ಧೇಶ್ವರ ದೇವಾಲಯದ ಸೊಬಗಾದರೋ ಒಳಹೊಕ್ಕು ತಲೆಯೆತ್ತಿ ನೋಡಿದವನಿಗೆ ಮಾತ್ರ ಕಾಣತಕ್ಕದ್ದು. ಈ ಬೇಸಗೆಯಲ್ಲಿ ಜಾತ್ರೆಯ ನಿಮಿತ್ತವಾಗಿ ನಾವು ಆ ಊರಿಗೆ ಹೋಗಿದ್ದಾಗ, ಈ ಮಾತು ದೇವಾಲಯಕ್ಕೆ ಸಲ್ಲುವಷ್ಟೇ ಚೆನ್ನಾಗಿ ನಮ್ಮ ಮನೆಗಳಲ್ಲಿನ ಒಂದು ಯಂತ್ರಕ್ಕೂ ಸಲ್ಲುವುದೆಂಬುದನ್ನು ಕಂಡುಕೊಂಡೆವು. ಆ ಸಂಗತಿಯನ್ನೇ ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ.

ಉಜ್ಜಿನಿಯು ಮೊದಲು ಕೂಡ್ಲಿಗಿ ತಾಲ್ಲೂಕಿಗೆ ಸೇರಿದ್ದು, ಈಗ ಕೊಟ್ಟೂರು ತಾಲ್ಲೂಕಿನಲ್ಲಿದೆ; ಆ ಭಾಗವೆಲ್ಲವೂ ೨೦೨೧ರಿಂದ ವಿಜಯನಗರ ಜಿಲ್ಲೆಯೆನಿಸಿಕೊಂಡಿದೆ. ಮಳೆ ಕಡಿಮೆಯಾದ ನಾಡು. ಜೋಳ, ಮೆಕ್ಕೆಜೋಳ, ಶೇಂಗಾ ಬೆಳೆಯುವ ಹೊಲಗಳು ಸುಗ್ಗಿ ಮುಗಿದ ಮೇಲೆ ಬರಿದಾಗಿ ಬಿದ್ದಿರುವುವು. ಬೇಸಗೆಯ ಗಾಳಿ ಎದ್ದಿತೆಂದರೆ ಹೊಲದ ಮಣ್ಣು, ಕಣದ ಹೊಟ್ಟು, ದಾರಿಯ ಕೆಂಧೂಳಿ ಎಲ್ಲವೂ ಕರೆಯದೆ ಬರುವ ನೆಂಟರಂತೆ ಮನೆಯೊಳಗೆ ಬಂದು ಕೂಡುವುವು. ಬೆಳಿಗ್ಗೆ ಒರೆಸಿದ ಮಂಚದ ಮೇಲೆ ಸಂಜೆಗೆ ಬೆರಳಿನಿಂದ ಹೆಸರು ಬರೆಯಬಹುದು. ಇಂತಹ ಊರಿನಲ್ಲಿ ಮನೆ ಗುಡಿಸುವುದು ದಿನಕ್ಕೊಂದು ಬಾರಿಯ ಕೆಲಸವಲ್ಲ. ಜಾತ್ರೆಯು ಹತ್ತಿರ ಬಂದಾಗಲಂತೂ ಜಂತೆಯಿಂದ ಹೊಸ್ತಿಲಿನವರೆಗೆ ಮನೆಯನ್ನೆಲ್ಲ ಝಾಡಿಸದೆ ಗತಿಯಿಲ್ಲ.

ಅಲ್ಲಿ ನಮ್ಮ ಚಿಕ್ಕವ್ವನ ಮನೆಯಿದೆ. ಚಿಕ್ಕವ್ವನಿಗೆ ಬಹಳ ವರ್ಷಗಳಿಂದ ಉಬ್ಬಸ. ಕಸಬರಿಗೆಯ ಧೂಳೆದ್ದರೆ ಸಾಕು, ಅರ್ಧ ಗಳಿಗೆಯಲ್ಲಿ ಎದೆ ಸುಂಯ್‌ಗುಟ್ಟತೊಡಗುವುದು. ಇದನ್ನರಿತ ಮಗನು ಬೆಂಗಳೂರಿನಿಂದ ಒಂದು ವ್ಯಾಕ್ಯೂಮ್ ಕ್ಲೀನರನ್ನು, ಎಂದರೆ ಧೂಳು ಹೀರುವ ಯಂತ್ರವನ್ನು, ಎರಡು ವರ್ಷಗಳ ಕೆಳಗೆ ತಂದುಕೊಟ್ಟಿದ್ದನು. ಮೊದಲ ವರ್ಷವೆಲ್ಲವೂ ಚೆನ್ನಾಗಿಯೇ ನಡೆಯಿತಂತೆ. ಆಮೇಲೆ ಚಿಕ್ಕವ್ವನ ದೂರು ಆರಂಭವಾಯಿತು. ಯಂತ್ರ ಓಡಿದ ದಿನವೇ ತನಗೆ ಉಸಿರು ಕಟ್ಟುವುದೆಂದು ಅವಳು. ನೆಲ ಕನ್ನಡಿಯಂತಿರುವಾಗ ಉಸಿರು ಕಟ್ಟುವುದೆಂತು ಎಂದು ಸೊಸೆ. ಅತ್ತೆಗೆ ಯಂತ್ರವೆಂದರೆ ಆಗದು, ಅದಕ್ಕೇ ಈ ಮಾತು ಎಂದು ಸೊಸೆಯ ಮನಸ್ಸಿನಲ್ಲಿ. ತಾನು ಮುದುಕಿಯಾದೆ, ತನ್ನ ಮಾತನ್ನು ಕೇಳುವವರಿಲ್ಲ ಎಂದು ಅತ್ತೆಯ ಮನಸ್ಸಿನಲ್ಲಿ. ಯಂತ್ರದ ಸದ್ದು ಕೇಳಿದೊಡನೆ ಚಿಕ್ಕವ್ವನು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತುಕೊಳ್ಳುವ ಪದ್ಧತಿಯಾಗಿತ್ತು. ಹೊರಗೆ ಬಿಸಿಲು, ಒಳಗೆ ಮುನಿಸು.

ನಾವು ಹೋದ ದಿನ ಅವಳು ನಮ್ಮ ಕೈಹಿಡಿದು ಯಂತ್ರದ ಮುಂದೆ ಕೂರಿಸಿ, “ಇದು ಧೂಳು ನುಂಗತೈತೋ ಉಗುಳತೈತೋ, ನೀನೇ ನೋಡಪ್ಪಾ” ಎಂದಳು.

ವಾಚಕರೇ, ಅಕ್ಷರ ಬಾರದ ಆ ಹೆಂಗಸು ಕೇಳಿದ ಈ ಪ್ರಶ್ನೆಯನ್ನು ಯಂತ್ರವನ್ನು ಕೊಳ್ಳುವ ವಿದ್ಯಾವಂತರಲ್ಲಿ ಎಷ್ಟು ಮಂದಿ ಕೇಳಿರುವರು? ಅಂಗಡಿಯಲ್ಲಿ ನಾವೆಲ್ಲರೂ ಕೇಳುವುದು ಯಂತ್ರವು ಎಷ್ಟು ಬಲವಾಗಿ ಎಳೆಯುವುದು, ಎಷ್ಟು ವಾಟ್ ಎಂದು. ಬಾಗಿಲಿಗೆ ಬಂದು ತೋರಿಸುವವರೂ ಹಾಸಿಗೆಯಿಂದ ಎಳೆದ ಧೂಳನ್ನು ಬಟ್ಟೆಯ ಮೇಲೆ ಹರಡಿ ತೋರಿಸುವರು. ಅದನ್ನು ಕಂಡು ನಾವು ಬೆರಗಾಗುವೆವು. ಒಳಗೆ ಎಷ್ಟು ಹೋಯಿತೆಂಬುದು ಅದರಿಂದ ತಿಳಿಯುವುದು ನಿಜ. ಒಳಗೆ ಹೋದುದರಲ್ಲಿ ಎಷ್ಟು ಅಲ್ಲಿಯೇ ಉಳಿಯಿತೆಂಬುದು ಮಾತ್ರ ತಿಳಿಯದು.

ಈ ಯಂತ್ರದ ಹುಟ್ಟೇ ಇಂತಹದೊಂದು ಪ್ರಶ್ನೆಯಿಂದಾದುದು. ೧೯೦೧ರಲ್ಲಿ ಲಂಡನ್ ನಗರದಲ್ಲಿ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಇಂಜಿನಿಯರನು, ಗಾಳಿಯನ್ನು ಊದಿ ಧೂಳೆಬ್ಬಿಸುವ ಒಂದು ಯಂತ್ರವನ್ನು ನೋಡಿದನು. ಧೂಳು ಎದ್ದು ಸುತ್ತ ಬೀಳುತ್ತಿತ್ತೇ ಹೊರತು ಹೋಗುತ್ತಿರಲಿಲ್ಲ. ಊದುವುದಕ್ಕೆ ಬದಲಾಗಿ ಹೀರಿದರೆ ಹೇಗೆ ಎಂದು ಅವನಿಗೆ ತೋರಿತು. ಒಂದು ಭೋಜನಶಾಲೆಯ ಕುರ್ಚಿಯ ಮೇಲೆ ಕರವಸ್ತ್ರವನ್ನು ಹಾಸಿ, ಅದರ ಮೇಲೆ ಬಾಯಿಟ್ಟು ಗಾಳಿಯನ್ನೆಳೆದು ನೋಡಿದನು. ಅವನಿಗೆ ಕೆಮ್ಮು ಬಂದುದೂ ನಿಜ, ಕರವಸ್ತ್ರದ ಅಡಿಯಲ್ಲಿ ಧೂಳಿನ ಗುರುತು ಮೂಡಿದುದೂ ನಿಜ. ಅವನು ಕಟ್ಟಿದ ಯಂತ್ರವು ಕುದುರೆಗಾಡಿಯ ಮೇಲೆ ಬರುತ್ತಿದ್ದಿತು. ಅದನ್ನು ಬೀದಿಯಲ್ಲಿ ನಿಲ್ಲಿಸಿ ಉದ್ದವಾದ ಕೊಳವೆಗಳನ್ನು ಕಿಟಕಿಗಳ ಮೂಲಕ ಮನೆಯೊಳಗೆ ಬಿಡುತ್ತಿದ್ದರು. ಯಂತ್ರವು ಬೀದಿಯಲ್ಲಿದ್ದುದರಿಂದ ಅದು ಉಗುಳಿದ ಗಾಳಿಯೂ ಬೀದಿಯ ಪಾಲಾಗುತ್ತಿತ್ತು.

ಅದನ್ನು ಮನೆಯೊಳಗೆ ತಂದವನು ಅಮೆರಿಕದ ಒಹಾಯೊ ಪ್ರಾಂತದ ಕ್ಯಾಂಟನ್ ಎಂಬ ಊರಿನ ಜೇಮ್ಸ್ ಮರ್ರೇ ಸ್ಪ್ಯಾಂಗ್ಲರ್. ಅವನು ಒಂದು ಅಂಗಡಿಯಲ್ಲಿ ಜಾಡಮಾಲಿ. ನಮ್ಮ ಚಿಕ್ಕವ್ವನಂತೆಯೇ ಉಬ್ಬಸದವನು. ೧೯೦೭ರಲ್ಲಿ ಅವನು ಹಳೆಯ ವಿದ್ಯುತ್ ಮೋಟಾರಿಗೆ ಕಸಬರಿಗೆಯ ಹಿಡಿಯನ್ನು ಸೇರಿಸಿ, ಧೂಳನ್ನು ತುಂಬಿಕೊಳ್ಳುವುದಕ್ಕೆ ಒಂದು ದಿಂಬಿನ ಚೀಲವನ್ನು ಕಟ್ಟಿ ತನ್ನ ಯಂತ್ರವನ್ನು ಮಾಡಿಕೊಂಡನು. ಮರುವರ್ಷ ಅದರ ಹಕ್ಕನ್ನು ಹೂವರ್ ಮನೆತನದವರು ಕೊಂಡುಕೊಂಡರು. ಯಂತ್ರವು ಮನೆಯೊಳಗೆ ಬಂದಾಗ ಅದರ ಉಸಿರೂ ಮನೆಯೊಳಗೇ ಬಂದಿತೆಂಬುದನ್ನು ಇಲ್ಲಿ ಗಮನಿಸಬೇಕು. ದಿಂಬಿನ ಚೀಲವು ಕಡ್ಡಿಯನ್ನೂ ಕೂದಲನ್ನೂ ದಪ್ಪ ಮಣ್ಣನ್ನೂ ತಡೆಯಬಲ್ಲುದು, ಹುಡಿಯನ್ನು ತಡೆಯಲಾರದು. ಅಂದಿನಿಂದ ಇಂದಿನವರೆಗೆ ಈ ಯಂತ್ರದಲ್ಲಾಗಿರುವ ಸುಧಾರಣೆಗಳಲ್ಲಿ ಮುಖ್ಯವಾದೊಂದು ಆ ಚೀಲದ ಲೋಪವನ್ನು ತುಂಬುವ ಪ್ರಯತ್ನವೇ ಆಗಿದೆ.

ಲೋಪವೆಂದೆವು, ಅದೆಷ್ಟು ದೊಡ್ಡದೆಂಬುದನ್ನು ತಿಳಿಯಬೇಕಾದರೆ ಧೂಳಿನ ಅಳತೆಯನ್ನು ಬಲ್ಲವರಾಗಬೇಕು. ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕೆ ಮೈಕ್ರಾನ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪವು ಸುಮಾರು ೭೦ ಮೈಕ್ರಾನ್. ೧೦ ಮೈಕ್ರಾನಿಗಿಂತ ದಪ್ಪನಾದ ಕಣಗಳು ಬಹುಮಟ್ಟಿಗೆ ಮೂಗು ಗಂಟಲುಗಳಲ್ಲಿಯೇ ಸಿಕ್ಕಿಬೀಳುವುವು. ಸೀನಿದರೆ, ಕೆಮ್ಮಿದರೆ ಹೊರಬರುವುವು. ೨.೫ ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ಕೊನೆಯ ಗೂಡುಗಳವರೆಗೂ ಇಳಿಯಬಲ್ಲುವು. ಇದರಿಂದಲೇ ನಮ್ಮ ಸರ್ಕಾರವು ೨೦೦೯ರಲ್ಲಿ ಹೊರಗಿನ ಗಾಳಿಗೆ ಮಿತಿಯನ್ನು ಗೊತ್ತುಪಡಿಸುವಾಗ ಈ ಸಣ್ಣ ಕಣಗಳನ್ನು ಬೇರೆಯಾಗಿ ಎಣಿಸಿ, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ ೪೦ ಮೈಕ್ರೊಗ್ರಾಮ್ ಮೀರಕೂಡದೆಂದು ವಿಧಿಸಿತು. ವಿಶ್ವ ಆರೋಗ್ಯ ಸಂಸ್ಥೆಯು ೨೦೨೧ರಲ್ಲಿ ೫ ಮೈಕ್ರೊಗ್ರಾಮೇ ಹಿತವೆಂದು ಹೇಳಿತು. ನೆಲದ ಮೇಲೆ ಮಲಗಿರುವ ದಪ್ಪ ಧೂಳಿಗಿಂತ ಕಣ್ಣಿಗೆ ಕಾಣದೆ ಗಂಟೆಗಟ್ಟಲೆ ಗಾಳಿಯಲ್ಲಿ ತೇಲುವ ಹುಡಿಯೇ ಉಬ್ಬಸದವರಿಗೆ ಹೆಚ್ಚಿನ ವೈರಿ. ದಪ್ಪ ಧೂಳನ್ನು ನುಂಗಿ ಸಣ್ಣ ಹುಡಿಯನ್ನು ಉಗುಳುವ ಯಂತ್ರವು ನೆಲವನ್ನು ಶುದ್ಧಿಮಾಡಿ ಗಾಳಿಯನ್ನು ಕೆಡಿಸಿತೆಂದೇ ಹೇಳಬೇಕು. ನೆಲ ನೋಡುವ ಸೊಸೆಗೆ ಶುದ್ಧಿ ಕಾಣುವುದು, ಉಸಿರೆಳೆಯುವ ಅತ್ತೆಗೆ ಕೇಡು ಕಾಣುವುದು; ಇಬ್ಬರೂ ಸುಳ್ಳು ಹೇಳಿದವರಲ್ಲ.

ಈ ಹುಡಿಯನ್ನು ಹಿಡಿಯುವ ಸಾಧನಕ್ಕೆ ಶೋಧಕ ಅಥವಾ ಫಿಲ್ಟರ್ ಎನ್ನುವರು. ಅವುಗಳಲ್ಲಿ ಶ್ರೇಷ್ಠವಾದುದು ಹೆಪಾ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ೧೯೪೦ರ ದಶಕದಲ್ಲಿ ಅಮೆರಿಕದವರು ಅಣುಬಾಂಬಿನ ಕೆಲಸದಲ್ಲಿ ತೊಡಗಿದ್ದಾಗ, ಗಾಳಿಯಲ್ಲಿ ತೇಲುವ ವಿಕಿರಣಯುಕ್ತ ಕಣಗಳನ್ನು ಹಿಡಿಯುವುದಕ್ಕೋಸ್ಕರ ಇದನ್ನು ಬೆಳೆಸಿದರು. ಅಮೆರಿಕದ ಲೆಕ್ಕದಂತೆ ೦.೩ ಮೈಕ್ರಾನ್ ಅಳತೆಯ ೧೦,೦೦೦ ಕಣಗಳು ಬಂದರೆ ೯,೯೯೭ನ್ನು ಹಿಡಿದು ಮೂರನ್ನು ಮಾತ್ರ ಬಿಡತಕ್ಕ ಶೋಧಕಕ್ಕೆ ಈ ಹೆಸರು ಸಲ್ಲುವುದು. ಯುರೋಪಿನವರ ಎಚ್ ೧೩ ಎಂಬ ದರ್ಜೆಯು ೧೦,೦೦೦ಕ್ಕೆ ಐದನ್ನು ಮಾತ್ರ ಬಿಡಬಹುದು.

ಶೋಧಕವೆಂದರೆ ಹಿಟ್ಟಿನ ಜರಡಿಯಂತೆ, ತೂತಿಗಿಂತ ದಪ್ಪನಾದುದು ನಿಲ್ಲುವುದು, ಸಣ್ಣದು ದಾಟುವುದು ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಹಾಗಲ್ಲ. ಅದು ಸಣ್ಣ ಎಳೆಗಳ ಒಂದು ದಟ್ಟವಾದ ಪೊದೆ. ಗಾಳಿಯು ಎಳೆಗಳನ್ನು ಬಳಸಿ ಸುತ್ತಿಕೊಂಡು ಹೋಗುವುದು. ದಪ್ಪ ಕಣಗಳು ವೇಗದಲ್ಲಿ ತಿರುಗಲಾರದೆ ಎಳೆಗೆ ಡಿಕ್ಕಿ ಹೊಡೆದು ಅಂಟುವುವು. ಅತಿ ಸಣ್ಣ ಕಣಗಳು ಗಾಳಿಯ ಅಣುಗಳ ಹೊಡೆತಕ್ಕೆ ಸಿಕ್ಕಿ, ಕುಡಿದವನ ನಡಿಗೆಯಂತೆ ಅತ್ತಿತ್ತ ತೂರಾಡಿ ಎಳೆಗಳಿಗೆ ತಾಗಿ ನಿಲ್ಲುವುವು. ಅತಿ ದಪ್ಪವೂ ಅಲ್ಲದ, ಅತಿ ಸಣ್ಣವೂ ಅಲ್ಲದ ೦.೩ ಮೈಕ್ರಾನಿನ ಸುಮಾರಿನವೇ ಹಿಡಿಯುವುದಕ್ಕೆ ಬಹು ಕಷ್ಟವಾದವು. ಆದುದರಿಂದಲೇ ಪರೀಕ್ಷೆಯನ್ನು ಆ ಅಳತೆಯಲ್ಲಿ ಮಾಡುವರು. ಕಠಿಣವಾದುದನ್ನು ಗೆದ್ದವನು ಸುಲಭವಾದುದನ್ನು ಗೆಲ್ಲದಿರುವನೆ?

ಹಾಗಾದರೆ ಹೆಪಾ ಇರುವ ಯಂತ್ರವನ್ನು ಕೊಂಡರೆ ತೀರಿತಲ್ಲ ಎಂದು ವಾಚಕರು ಕೇಳಬಹುದು. ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇಲ್ಲಿಯೇ ಇದೆ. ಶೋಧಕವು ಎಷ್ಟು ಶ್ರೇಷ್ಠವಾಗಿದ್ದರೂ ಗಾಳಿಯು ಅದರ ಮೂಲಕವೇ ಹೋಗಬೇಕಷ್ಟೆ. ಗಾಳಿಗೆ ಕಷ್ಟದ ದಾರಿಯ ಮಗ್ಗುಲಲ್ಲಿ ಸುಲಭದ ದಾರಿಯೊಂದಿದ್ದರೆ ಅದು ಸುಲಭದ ದಾರಿಯನ್ನೇ ಹಿಡಿಯುವುದು. ಒಂದು ಸಣ್ಣ ಲೆಕ್ಕವನ್ನು ಮಾಡೋಣ. ೧೦,೦೦೦ ಕಣಗಳಿರುವ ಗಾಳಿಯು ಯಂತ್ರದೊಳಗೆ ಹೋಯಿತೆನ್ನಿ. ಶೋಧಕವು ಮೂರನ್ನು ಮಾತ್ರ ಬಿಡುವಂತಹುದು. ಆದರೆ ಅದರ ಚೌಕಟ್ಟಿನ ಅಂಚು ಸರಿಯಾಗಿ ಕೂಡದೆ ನೂರಕ್ಕೆ ಐದರಷ್ಟು ಗಾಳಿಯು ಪಕ್ಕದಿಂದ ನುಸುಳಿತು. ಆಗ ೫೦೦ ಕಣಗಳು ಶೋಧಕದ ಮುಖವನ್ನೇ ನೋಡದೆ ಹೊರಟುಹೋದವು. ಮೂರಕ್ಕೆ ಬದಲು ೫೦೩ ಕಣಗಳು ಮನೆಗೆ ಮರಳಿದವು. ನೂರಕ್ಕೆ ೯೭ನ್ನು ಮಾತ್ರ ಹಿಡಿಯುವ ಸಾಧಾರಣ ಶೋಧಕವೊಂದು ಅಂಚಿನಲ್ಲಿ ಸಂದಿಲ್ಲದೆ ಕುಳಿತಿದ್ದರೆ ಬಿಡುತ್ತಿದ್ದುದು ೩೦೦. ಸಂದಿರುವ ಶ್ರೇಷ್ಠಕ್ಕಿಂತ ಸಂದಿಲ್ಲದ ಸಾಧಾರಣವು ಮೇಲು. ಅಡುಗೆಯ ಮನೆಯವರಿಗೆ ಇದನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ಕುಕ್ಕರು ಎಷ್ಟು ಬೆಲೆಯದಾದರೂ ಅದರ ರಬ್ಬರ್ ಬಳೆಯು ಸಡಿಲವಾದರೆ ಬೇಳೆ ಬೇಯುವುದುಂಟೆ?

ಯಂತ್ರದಲ್ಲಿ ಗಾಳಿ ಸೋರುವ ಸ್ಥಳಗಳು ಮೂರು ಬಗೆಯವು. ಮೂರರ ಫಲವೂ ಬೇರೆ ಬೇರೆ. ಮೋಟಾರಿನ ರೆಕ್ಕೆಯು ಗಾಳಿಯನ್ನು ಹಿಂದಕ್ಕೆ ತಳ್ಳುವುದರಿಂದ ಅದರ ಮುಂಭಾಗದಲ್ಲಿ ಒತ್ತಡವು ಕಡಿಮೆಯಾಗುವುದು. ಹೊರಗಿನ ಗಾಳಿಯು ಧೂಳಿನೊಡನೆ ಒಳನುಗ್ಗುವುದು. ಮೊದಲನೆಯದಾಗಿ, ಕೊಳವೆಯಲ್ಲಿಯೋ ಧೂಳಿನ ಡಬ್ಬಿಯ ಮುಚ್ಚಳದಲ್ಲಿಯೋ ಸಂದಿದ್ದರೆ ಹೊರಗಿನ ಗಾಳಿಯು ಅಲ್ಲಿಂದ ಒಳಕ್ಕೆ ಸೇರುವುದು. ಯಂತ್ರದ ಎಳೆತ ಕುಗ್ಗುವುದು, ಆದರೆ ಧೂಳು ಹೊರಬೀಳದು. ಎರಡನೆಯದು ಶೋಧಕದ ಅಂಚಿನ ಸಂದು. ಇಲ್ಲಿ ಎಳೆತವು ಕುಗ್ಗುವುದಿಲ್ಲ, ಕೆಲವು ವೇಳೆ ಹೆಚ್ಚಿದಂತೆಯೂ ತೋರುವುದು. ಧೂಳು ಮಾತ್ರ ಶೋಧಕವನ್ನು ತಪ್ಪಿಸಿಕೊಂಡು ಮೋಟಾರಿನ ಮೂಲಕ ಹಾದು ಕೋಣೆಗೆ ಬರುವುದು. ಮೂರನೆಯದು ಮೋಟಾರಿನ ಹಿಂಭಾಗದ ಸಂದು. ಅಲ್ಲಿ ಗಾಳಿಯು ಒತ್ತಡದಲ್ಲಿರುವುದರಿಂದ ಕೊನೆಯ ಶೋಧಕವನ್ನು ಸೇರುವ ಮೊದಲೇ ಯಂತ್ರದ ಮೈಯ ಕೂಡುಗೆರೆಗಳಿಂದ ಹೊರಕ್ಕೆ ಚಿಮ್ಮುವುದು. ಅನೇಕ ಮೋಟಾರುಗಳಲ್ಲಿ ಇಂಗಾಲದ ತುಂಡುಗಳು ತಿರುಗುವ ಭಾಗಕ್ಕೆ ಉಜ್ಜುತ್ತಿರುವುದರಿಂದ ಅವುಗಳ ಕರಿಹುಡಿಯೂ ಇದರೊಡನೆ ಸೇರುವುದು. ಮೊದಲನೆಯದು ಕೆಲಸವನ್ನು ಕೆಡಿಸುವುದು. ಎರಡನೆಯದೂ ಮೂರನೆಯದೂ ಉಸಿರನ್ನು ಕೆಡಿಸುವುವು.

ಯುರೋಪಿನ ಒಕ್ಕೂಟದವರು ಈ ವಿಷಯದಲ್ಲಿ ಒಂದು ಒಳ್ಳೆಯ ಕ್ರಮವನ್ನು ತೆಗೆದುಕೊಂಡಿದ್ದರು. ೨೦೧೪ರ ಸೆಪ್ಟೆಂಬರಿನಿಂದ ಪ್ರತಿಯೊಂದು ಯಂತ್ರದ ಮೇಲೂ, ಹೀರಿದ ಧೂಳಿನಲ್ಲಿ ಎಷ್ಟನ್ನು ಮರಳಿ ಉಗುಳುವುದೆಂಬುದನ್ನು ಎ ಯಿಂದ ಜಿ ವರೆಗಿನ ಅಕ್ಷರಗಳಿಂದ ಬರೆಯತಕ್ಕದ್ದೆಂದು ವಿಧಿಸಿದರು. ೦.೩ರಿಂದ ೧೦ ಮೈಕ್ರಾನಿನವರೆಗಿನ ಕಣಗಳಲ್ಲಿ ನೂರಕ್ಕೆ ೦.೦೨ಕ್ಕಿಂತ ಹೆಚ್ಚು ಬಿಡದ ಯಂತ್ರಕ್ಕೆ ಎ. ನೂರಕ್ಕೆ ಒಂದಕ್ಕಿಂತ ಹೆಚ್ಚು ಬಿಡುವುದಕ್ಕೆ ಜಿ. ಶೋಧಕವನ್ನು ಬೇರೆಯಾಗಿ ಪರೀಕ್ಷಿಸದೆ ಇಡೀ ಯಂತ್ರವನ್ನೇ ಪರೀಕ್ಷಿಸಿದುದು ಇದರಲ್ಲಿನ ಜಾಣತನ. ಸಂದುಗೊಂದುಗಳ ಗುಟ್ಟೆಲ್ಲವೂ ಅದರಲ್ಲಿ ರಟ್ಟಾಗುವುದು. ಆದರೆ ಎಳೆತವನ್ನೂ ವಿದ್ಯುತ್ತಿನ ಖರ್ಚನ್ನೂ ಅಳೆಯುವಾಗ ಯಂತ್ರದ ಡಬ್ಬಿಯನ್ನು ಖಾಲಿಯಾಗಿಟ್ಟು ಅಳೆಯುತ್ತಿದ್ದರು. ಡೈಸನ್ ಕಂಪೆನಿಯವರು ನ್ಯಾಯಾಲಯಕ್ಕೆ ಹೋಗಿ, ಮನೆಗಳಲ್ಲಿ ಡಬ್ಬಿಯು ಖಾಲಿಯಾಗಿರುವುದಿಲ್ಲವೆಂದು ವಾದಿಸಿದರು. ೨೦೧೮ರ ನವೆಂಬರಿನಲ್ಲಿ ನ್ಯಾಯಾಲಯವು ಅವರ ಮಾತನ್ನು ಒಪ್ಪಿ ಆ ಚೀಟಿಯ ನಿಯಮವನ್ನು ರದ್ದುಮಾಡಿತು. ೨೦೧೯ರ ಜನವರಿಯಿಂದ ಚೀಟಿಯು ಹೋಯಿತು. ಕಕ್ಷಿದಾರರ ಜಯಾಪಜಯಗಳು ಹಾಗಿರಲಿ. ಅಂಗಡಿಯಲ್ಲಿ ಹೊಚ್ಚಹೊಸದಾಗಿ ಖಾಲಿಯಾಗಿರುವ ಯಂತ್ರದ ಗುಣವೇ ಬೇರೆ, ನಮ್ಮ ಮನೆಯ ಧೂಳು ತಿಂದು ವರ್ಷ ಕಳೆದ ಯಂತ್ರದ ಗುಣವೇ ಬೇರೆ ಎಂಬ ಪಾಠವು ಗೃಹಸ್ಥರಿಗೆ ಇದರಲ್ಲಿದೆ.

ಇನ್ನು ಉಜ್ಜಿನಿಗೆ ಮರಳೋಣ. ಮಧ್ಯಾಹ್ನ ಇಳಿದ ಹೊತ್ತು. ಪಡಸಾಲೆಯ ಗವಾಕ್ಷಿಯಿಂದ ಬಿಸಿಲಿನ ಕೋಲೊಂದು ಓರೆಯಾಗಿ ಬಿದ್ದಿತ್ತು. ಬಾಗಿಲುಗಳನ್ನೆಲ್ಲ ಮುಚ್ಚಿ, ನೆಲವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಯಂತ್ರವನ್ನು ಒಂದು ಮಣೆಯ ಮೇಲಿಟ್ಟೆವು. ನೆಲದ ಧೂಳೇ ಗಾಳಿಗೆ ಎದ್ದು ನಮ್ಮನ್ನು ಮೋಸಗೊಳಿಸಬಾರದೆಂದು ಇಷ್ಟು ಎಚ್ಚರಿಕೆ. ಚಿಕ್ಕವ್ವನನ್ನು ಹೊರಗಿನ ಕಟ್ಟೆಯಲ್ಲಿಯೇ ಕೂರಿಸಿ, ಮೊದಲು ಏನನ್ನೂ ಹೀರಿಸದೆ ಯಂತ್ರವನ್ನು ಓಡಿಸಿದೆವು. ಬಿಸಿಲುಕೋಲಿನಲ್ಲಿ ಅಲ್ಲೊಂದು ಇಲ್ಲೊಂದು ಕಣ ತೇಲಿತು. ಆಮೇಲೆ ಒಂದು ಚಿಟಿಕೆ ರಂಗೋಲಿಯ ಹುಡಿಯನ್ನು ಕೊಳವೆಯ ಬಾಯಿಗೆ ಹಿಡಿದೆವು. ಮರುಕ್ಷಣದಲ್ಲಿ ಗಾಳಿ ಹೊರಬರುವ ಕಂಡಿಯ ಎದುರಿಗೆ ಬಿಸಿಲುಕೋಲು ಹಾಲಿನಂತೆ ಬೆಳ್ಳಗಾಯಿತು. ಸೊಸೆಯು ಮಾತಿಲ್ಲದೆ ನೋಡಿದಳು. ಯಂತ್ರವನ್ನು ನಿಲ್ಲಿಸಿ, ಬಾಗಿಲು ತೆರೆದು ಅತ್ತೆಯ ಬಳಿಗೆ ಹೋಗಿ, “ಅತ್ತೀ, ನೀವು ಹೇಳಿದ್ದೇ ಖರೆ ಆತು ನೋಡ್ರಿ” ಎಂದಳು. ಎಷ್ಟೋ ತಿಂಗಳ ಮುನಿಸು ಆ ಒಂದು ಮಾತಿನಲ್ಲಿ ಕರಗಿತು.

ಬಳಿಕ ಯಂತ್ರವನ್ನು ಅಂಗಳಕ್ಕೊಯ್ದು ಬಿಚ್ಚಿ ಒಳಗೆ ನೋಡಿದೆವು. ಮೂಲದ ಶೋಧಕವು ಕಟ್ಟಿಕೊಂಡು ಎಳೆತ ಕಡಿಮೆಯಾಯಿತೆಂದು ಅದನ್ನು ಅಟ್ಟಕ್ಕೆ ಹಾಕಿ, ಹತ್ತಿರದ ಪೇಟೆಯ ಅಂಗಡಿಯೊಂದರಲ್ಲಿ ಬೇರೊಂದನ್ನು ತಂದು ಹಾಕಿದ್ದರು. “ಎಲ್ಲದಕ್ಕೂ ಆಗುತ್ತದೆ” ಎಂದು ಅಂಗಡಿಯವನು ಕೊಟ್ಟನಂತೆ. ಅದರ ಚೌಕಟ್ಟು ಗೂಡಿಗಿಂತ ಒಂದು ನೂಲಿನಷ್ಟು ಕಿರಿದು. ರಬ್ಬರಿನ ಅಂಚು ಒಂದು ಮೂಲೆಯಲ್ಲಿ ಮಡಿಚಿಕೊಂಡಿತ್ತು. ಆ ಮಡಿಕೆಯಲ್ಲಿ ಶೇಂಗಾದ ಸಿಪ್ಪೆಯ ಚೂರೊಂದು ಸಿಕ್ಕಿ ಅಂಚನ್ನು ಎತ್ತಿ ಹಿಡಿದಿತ್ತು. ಶುದ್ಧವಾಗಿರಬೇಕಾದ ಹಿಂಬದಿಯಲ್ಲಿ ಆ ಮೂಲೆಯಿಂದ ಆರಂಭವಾಗಿ ಬಾಲದಂತೆ ಹರಡಿದ ಕೆಂಧೂಳಿನ ಗೆರೆಯೊಂದು ಕಾಣಿಸಿತು. ಗಾಳಿಯು ತಾನು ನಡೆದ ದಾರಿಯನ್ನು ತಾನೇ ಬರೆದಿಟ್ಟಂತಿತ್ತು.

ಮೂಲದ ಶೋಧಕವು ತೊಳೆಯಬಹುದಾದ ಜಾತಿಯದೆಂದು ಯಂತ್ರದ ಪುಸ್ತಿಕೆಯಲ್ಲಿ ಬರೆದಿತ್ತು. ಅದನ್ನು ಅಟ್ಟದಿಂದಿಳಿಸಿ, ಉಜ್ಜದೆ, ಬರಿಯ ನೀರಿನಿಂದ ತೊಳೆದು ನೆರಳಿನಲ್ಲಿ ಒಂದೂವರೆ ದಿನ ಒಣಗಿಸಿದೆವು. ಗೂಡಿನ ಅಂಚನ್ನು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ ಅದನ್ನು ಕೂಡಿಸಿದೆವು. ಮತ್ತೆ ಬಿಸಿಲುಕೋಲಿನ ಪರೀಕ್ಷೆ. ಮತ್ತೆ ಒಂದು ಚಿಟಿಕೆ ರಂಗೋಲಿ. ಈ ಬಾರಿ ಕೋಲು ಬೆಳ್ಳಗಾಗಲಿಲ್ಲ. ಕಣ್ಣಿಗೆ ಕಾಣುವುದು ದಪ್ಪ ಕಣಗಳೇ ಹೊರತು ಅತಿ ಸೂಕ್ಷ್ಮವಾದುವಲ್ಲ. ಆದುದರಿಂದ ಯಂತ್ರವು ಪರಿಪೂರ್ಣವೆಂದು ಇದರಿಂದ ಸಿದ್ಧವಾಗದು. ದಪ್ಪವೇ ಹೊರಬರುತ್ತಿದ್ದರೆ ಸಣ್ಣದರ ಮಾತೇನು ಎಂಬಷ್ಟು ಮಾತ್ರ ಇದರಿಂದ ತಿಳಿಯುವುದು. ಗೃಹಸ್ಥರಿಗೆ ಅಷ್ಟಾದರೂ ಸಾಕು.

ವಾಚಕರ ಉಪಯೋಗಕ್ಕಾಗಿ ಇನ್ನು ಕೆಲವು ಮಾತುಗಳನ್ನು ಹೇಳುತ್ತೇವೆ. ಯಂತ್ರವನ್ನು ಕೊಳ್ಳುವಾಗ ಶೋಧಕದ ದರ್ಜೆಯನ್ನು ಕೇಳಿರಿ. “ಹೆಪಾದಂತಹುದು”, “ಹೆಪಾ ಮಾದರಿ” ಎಂಬ ಮಾತುಗಳಿಗೆ ಯಾವ ಅಳತೆಯೂ ಇಲ್ಲ. ಎಚ್ ೧೩ ಎಂದೋ ೯೯.೯೭ ಎಂದೋ ಅಂಕಿಯಿರಬೇಕು. ಅದಾದ ಮೇಲೆ, ಆ ಅಂಕಿಯು ಶೋಧಕಕ್ಕೆ ಮಾತ್ರವೋ ಇಡೀ ಯಂತ್ರಕ್ಕೋ ಎಂದು ಕೇಳಿರಿ. ಅಂಗಡಿಯಲ್ಲಿಯೇ ಮುಚ್ಚಳವನ್ನು ತೆರೆಯಿಸಿ, ಶೋಧಕದ ಸುತ್ತಲೂ ರಬ್ಬರಿನ ಅಂಚಿದೆಯೇ, ಕೂಡಿಸಿದಾಗ ಬಿಗಿಯಾಗಿ ಕುಳಿತು ಕೊಂಡಿಯು ಸದ್ದು ಮಾಡಿ ಹಿಡಿಯುವುದೇ ಎಂಬುದನ್ನು ಕೈಯಾರೆ ನೋಡಿರಿ. ಬದಲಿ ಶೋಧಕವು ಮುಂದೆಯೂ ದೊರೆಯುವುದೇ ಎಂದು ಮೊದಲೇ ವಿಚಾರಿಸಿರಿ.

ಕಾಗದದ ಚೀಲವಿರುವ ಯಂತ್ರಗಳಿಗೆ ಖರ್ಚು ಹೆಚ್ಚು. ಆದರೆ ತುಂಬಿದ ಚೀಲವನ್ನು ಬಾಯಿ ಮುಚ್ಚಿ ಹಾಗೆಯೇ ಎಸೆಯಬಹುದಾದುದರಿಂದ ಉಬ್ಬಸದವರಿರುವ ಮನೆಗೆ ಅವು ಒಳ್ಳೆಯವು. ಚೀಲವಿಲ್ಲದ ಯಂತ್ರಗಳಲ್ಲಿ ಕೆಲವು ಗಾಳಿಯನ್ನು ಸುಳಿಯಾಗಿ ಸುತ್ತಿಸಿ ಧೂಳನ್ನು ಬೇರ್ಪಡಿಸುವುವು. ಗಿರಣಿಗಳಲ್ಲಿ ಧೂಳನ್ನು ಇಳಿಸುವ ತಗಡಿನ ಲಾಳಿಕೆಗಳ ತತ್ತ್ವವೇ ಇದು. ಇಂಗ್ಲೆಂಡಿನ ಜೇಮ್ಸ್ ಡೈಸನ್ ಇದನ್ನು ಮನೆಯ ಯಂತ್ರಕ್ಕೆ ಅಳವಡಿಸುವುದಕ್ಕೆ ೫,೧೨೭ ಮಾದರಿಗಳನ್ನು ಮಾಡಿದುದಾಗಿ ಹೇಳಿಕೊಂಡಿರುವರು. ಸುಳಿಯು ದಪ್ಪ ಧೂಳನ್ನು ಚೆನ್ನಾಗಿ ಇಳಿಸುವುದಾದರೂ ಸೂಕ್ಷ್ಮವಾದುದಕ್ಕೆ ಅದರ ಹಿಂದೆ ಶೋಧಕವಿರಲೇಬೇಕು. ನೀರಿನ ಮೂಲಕ ಗಾಳಿಯನ್ನು ಹಾಯಿಸುವ ಯಂತ್ರಗಳಿಗೂ ಇದೇ ಮಾತು: ಗುಳ್ಳೆಯ ನಡುವಿನ ಒಣ ಹುಡಿಯು ನೀರನ್ನು ಮುಟ್ಟದೆ ಮೇಲೆ ಬರುವುದುಂಟು.

ಡಬ್ಬಿಯನ್ನು ಖಾಲಿಮಾಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ತಿಂಗಳ ಧೂಳೆಲ್ಲವೂ ಒಂದು ಗಳಿಗೆಯಲ್ಲಿ ಮುಖಕ್ಕೆ ಬರುವುದು. ಆ ಕೆಲಸವನ್ನು ಉಬ್ಬಸವಿಲ್ಲದವರು, ಮನೆಯ ಹೊರಗೆ, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು, ಒದ್ದೆ ಕಾಗದದ ಮೇಲೆ ಮಾಡತಕ್ಕದ್ದು. ವಿಭೂತಿ, ಒಲೆಯ ಬೂದಿ, ಜೋಳದ ಹಿಟ್ಟು, ಸಿಮೆಂಟು, ರಂಗೋಲಿಯ ಹುಡಿ ಇವುಗಳನ್ನು ಯಂತ್ರಕ್ಕೆ ತಿನ್ನಿಸಬಾರದು. ಪರೀಕ್ಷೆಯ ಒಂದು ಚಿಟಿಕೆಯ ಮಾತು ಬೇರೆ. ಇವು ಶೋಧಕವನ್ನು ಬೇಗನೆ ಕಟ್ಟುವುವು; ಬೂದಿಯಲ್ಲಿ ಕೆಂಡವಿದ್ದರೆ ಬೆಂಕಿಯ ಭಯವೂ ಉಂಟು. ತೊಳೆಯಬಾರದ ಶೋಧಕವನ್ನು ತೊಳೆಯಬೇಡಿರಿ. ತೊಳೆಯಬಹುದಾದುದನ್ನು ಪೂರ್ಣವಾಗಿ ಒಣಗಿಸದೆ ಹಾಕಬೇಡಿರಿ. ಒದ್ದೆಯಲ್ಲಿ ಬೂಷ್ಟು ಬೆಳೆಯುವುದು. ತಿಂಗಳಿಗೊಮ್ಮೆ ಹಿಂಬದಿಯನ್ನು ತೆರೆದು ನೋಡಿರಿ. ಅಲ್ಲಿ ಧೂಳಿನ ಗೆರೆಯಿದ್ದರೆ ಸೋರಿಕೆಯಿದೆಯೆಂದು ತಿಳಿಯಿರಿ.

ಇಷ್ಟು ಹೇಳಿದೆವೆಂದು ಹಿಂದಿನವರ ಪದ್ಧತಿಯನ್ನು ಬಿಡಬೇಕೆಂದು ಯಾರೂ ಭಾವಿಸಬಾರದು. ಗುಡಿಸುವ ಮೊದಲು ನೀರು ಚಿಮುಕಿಸುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಕೌದಿಗಳನ್ನು ಬಿಸಿಲಿಗೆ ಹಾಕುವುದು ಇವು ಧೂಳನ್ನು ಎಬ್ಬಿಸದೆ ಹಿಡಿಯುವ ಉಪಾಯಗಳೇ. ನುಣುಪಾದ ನೆಲಕ್ಕೆ ಒದ್ದೆ ಬಟ್ಟೆಯನ್ನು ಮೀರಿಸಿದ್ದಿಲ್ಲ. ಹಾಸಿಗೆ, ಜಮಖಾನೆ, ಸೋಫಾಗಳಿಗೆ ಮಾತ್ರ ಯಂತ್ರವೇ ಅನುಕೂಲ. ಕರಾವಳಿ ಮಲೆನಾಡುಗಳ ತೇವದಲ್ಲಿ ಹಾಸಿಗೆಯೊಳಗೆ ಬೆಳೆಯುವ ಧೂಳುಹುಳುಗಳು ಉಬ್ಬಸಕ್ಕೆ ದೊಡ್ಡ ಕಾರಣ. ಅಲ್ಲಿ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯುವುದೂ ಅವಶ್ಯ. ಉಜ್ಜಿನಿಯಂತಹ ಒಣ ಸೀಮೆಯಲ್ಲಿ ಮಣ್ಣಿನ ಹುಡಿಯ ಕಾಟವೇ ಹೆಚ್ಚು. ಎಲ್ಲಿಯೇ ಆಗಲಿ, ಯಂತ್ರವು ಔಷಧವಲ್ಲ. ವೈದ್ಯರು ಕೊಟ್ಟ ಔಷಧವನ್ನು ಯಂತ್ರದ ಭರವಸೆಯಿಂದ ಬಿಡಕೂಡದು.

ನಾವು ಹಿಂದಿರುಗಿದ ಮೇಲೆ ಉಜ್ಜಿನಿಯಿಂದ ಸಮಾಚಾರ ಬಂದಿತು. ಚಿಕ್ಕವ್ವನ ಉಬ್ಬಸವು ಹೋಗಿಲ್ಲ. ಮೂಗಿಗೆ ಹಿಡಿಯುವ ಔಷಧವೂ ನಿಂತಿಲ್ಲ. ಆದರೆ ಯಂತ್ರ ಓಡಿದ ದಿನ ಬರುತ್ತಿದ್ದ ಸುಂಯ್‌ಗುಟ್ಟುವಿಕೆ ಕಡಿಮೆಯಾಗಿದೆಯಂತೆ. ಸೊಸೆಯು ತಿಂಗಳಿಗೊಮ್ಮೆ ಅಂಗಳದಲ್ಲಿ ಯಂತ್ರವನ್ನು ಬಿಚ್ಚಿ ರಬ್ಬರನ್ನು ಒರೆಸುವಳಂತೆ. ದೂರದಲ್ಲಿ ಕುಳಿತು “ಆ ಮೂಲೀ ನೋಡವ್ವಾ” ಎಂದು ತೋರಿಸುವವಳು ಚಿಕ್ಕವ್ವನೇ ಅಂತೆ.

ಮನೆಯಲ್ಲಿ ಒಬ್ಬರಿಗೆ ಉಸಿರು ಕಟ್ಟುವುದೆಂದರೆ, ಉಳಿದವರ ಕಣ್ಣಿಗೆ ನೆಲವು ಎಷ್ಟೇ ಶುದ್ಧವಾಗಿ ಕಂಡರೂ, ಆ ಮಾತನ್ನು ಮೊದಲು ನಂಬಬೇಕು. ಆಮೇಲೆ ಯಂತ್ರದ ಒಳಗೆ ನೋಡಬೇಕು. ಇಷ್ಟೇ ನಮ್ಮ ಅರಿಕೆ.